ರುಬ್ಬುಗುಂಡು ಇಲ್ಲದ ಸೈಕಲ್ಲು

ಭೂಮಿಯ ಸೆಳೆತ ಸಡಿಲಾದ ಮೇಲೆ ಹರಿಹರದಲ್ಲಿ ಸೈಕಲ್ ತುಳಿಯುವವರೆಲ್ಲ ಕ್ಯಾರಿಯರ್‌ಗೊಂದು ಕಲ್ಲು ಕಟ್ಟಿಕೊಳ್ಳುತ್ತಾರೆ. ವಾರಿಜಾಳದು ಮನೆಯ ರುಬ್ಬುಗುಂಡು. ಇವತ್ತು ಅವ್ವ ವಡೆಗೆ ಉದ್ದು ನೆನೆಹಾಕಿದ್ದಳು, ಗುಂಡು ಕೊಡಲಿಲ್ಲ. ಹೇಗೋ ಆದೀತೆಂದು ಖಾಲಿ ಸೈಕಲ್ ಹತ್ತಿದವಳು ಸೇತುವೆಯ ಗಾಳಿಗೆ ಸೈಕಲ್ ಸಮೇತ ಮೇಲೇಳತೊಡಗಿದಳು. ಅವಳು ಕೆಲಸಕ್ಕೆ ಹೋಗುವ ಗಿರಣಿಯ ಗೇಟು ಮುಚ್ಚಲು ಹತ್ತೇ ನಿಮಿಷವಿತ್ತು.

ಕೆಳಗೆ ಅದೇ ಗಿರಣಿಯ ಬಸಲಿಂಗ ನಡೆದು ಹೋಗುತ್ತಿದ್ದ. ಅವನ ಮೈಭಾರಕ್ಕೆ ಹೆದರಿ ಹಿಂದೆಲ್ಲ ಯಾರೂ ಅವನನ್ನು ಡಬಲ್ ಹತ್ತಿಸಿಕೊಂಡವರಲ್ಲ.

"ಬಸಲಿಂಗ, ಸ್ವಲ್ಪ ಹಿಂದೆ ಕೂತ್ಕೋತೀಯಾ?"

"ಅಂತೂ ಒಬ್ಬರಾದ್ರೂ ಕೇಳಿದ್ರಲ್ಲ," ಎಂದು ಅವನು ಕ್ಯಾರಿಯರ್ ಹಿಡಿದೆಳೆದು ಕೂತ. ಚಕ್ರ ನೆಲ ಕಚ್ಚಿತು. ಗೇಟಿನವರೆಗೂ ಇಬ್ಬರೂ ನಗುತ್ತಲೇ ಹೋದರು.

ಸಂಜೆ ವಡೆ ತಿನ್ನುತ್ತ ವಾರಿಜಾ ಹೇಳಿದಳು, "ಅವ್ವಾ, ನಾಳೆಗೂ ಉದ್ದು ನೆನೆಹಾಕು."