ಮೂವತ್ತೆರಡು ಮನೆಯ ಗೆರೆ

"ನಾಲೆಯಿಂದ ಅತ್ಲಾಗಿರೋ ಮನೆಗಳಿಗೆ ಗೆರೆ ಬ್ಯಾಡ," ಎಂದರು ಶಿವಲಿಂಗಯ್ಯ, ಮಡಚಿದ ಕೊಡೆಯ ತುದಿಯನ್ನು ಪರದೆಯತ್ತ ಚಾಚಿ.

ಪಾಂಡವಪುರದ ಬಸ್ ಸ್ಟ್ಯಾಂಡ್ ಎದುರಿಗಿನ ಸಿದ್ದರಾಮುವಿನ ಕಂಪ್ಯೂಟರ್ ಸೆಂಟರಿಗೆ ಇಂಟರ್‌ನೆಟ್ಟು ಬಂದು ಆರು ತಿಂಗಳಾಗಿತ್ತು. ತಮ್ಮೂರಿನ ನಕ್ಷೆಯನ್ನು ಅದರಲ್ಲಿ ಹಾಕಿಸಿ ದೂರದೂರಿನ ನೆಂಟರಿಗೆಲ್ಲ ತೋರಿಸಬೇಕೆಂದು ಶಿವಲಿಂಗಯ್ಯ ಬಂದಿದ್ದರು. ಅಲ್ಲಿ ಕೆಲಸಕ್ಕಿದ್ದ ಯಶೋಧರಾ ನಾಲ್ಕು ದಿನ ಕೂತು ಅದನ್ನು ಕಂಪ್ಯೂಟರಿನಲ್ಲಿ ಬರೆದಿದ್ದಳು. ಎಲ್ಲಕ್ಕೂ ಮೊದಲು ಚೌಕದ ಒಂದು ಅಚ್ಚು; ಊರಿನ ಕಟ್ಟಡಗಳೆಲ್ಲ ಅದರಿಂದಲೇ ಮೂಡಬೇಕು. ಆಮೇಲೆ ಒಂದೊಂದು ಮನೆಗೂ ಒಂದೊಂದು ಸಾಲು, ಎಲ್ಲಿ, ಎಷ್ಟಗಲ, ಗೆರೆಗೆ ಯಾವ ಬಣ್ಣ ಅಂತ. ಒಳಗೆಲ್ಲ ಬಿಳಿ, ಸುತ್ತಲ ಗೆರೆಗಷ್ಟೇ ಬಣ್ಣ. ದೊಡ್ಡ ಬೀದಿಯ ಮನೆಗಳಿಗೆ ಕೆಂಪು, ದೇವಸ್ಥಾನಕ್ಕೆ ಅರಿಶಿನ, ಸ್ಕೂಲಿಗೆ ನೀಲಿ. ನಾಲೆಯಾಚೆಯ ಕೇರಿಯ ಮೂವತ್ತೆರಡು ಮನೆಗಳಿಗೆ ಮಾತ್ರ ಬಣ್ಣ ಬರೆದಿರಲಿಲ್ಲ; ಅವು ಕಪ್ಪು ಗೆರೆಯಲ್ಲಿ ನಿಂತಿದ್ದವು.

"ಗೆರೆ ತೆಗೆದ್ರೆ ಮನೆ ಕಾಣಕಿಲ್ಲ ಗೌಡ್ರೆ. ಬಿಳಿ ಮೇಲೆ ಬಿಳಿ," ಎಂದಳು ಯಶೋಧರಾ.

"ಇರ್ಲಿ ಬುಡವ್ವ. ಅಲ್ಲೇ ಇರ್ತವೆ, ಎಲ್ಲೋಗ್ತವೆ? ಕಾಣದೆ ಇದ್ರೆ ಸಾಕು."

"ಒಂದು ನಿಮಿಷದ ಕೆಲಸ, ಮಾಡ್ಕೊಡು ಯಶೋಧ," ಎಂದ ಸಿದ್ದರಾಮು, ಟೀ ಲೋಟ ಕೆಳಗಿಡುತ್ತಾ.

"ಆ ಕರಿ ಗೆರೆ ನಾನು ಹಾಕಿದ್ದಲ್ಲ ಸಾರ್. ನಾವೇನೂ ಹೇಳ್ದೆ ಇದ್ರೆ ಕಂಪ್ಯೂಟರೇ ಹಾಕ್ಕೊಂತದೆ. ತೆಗೀಬೇಕು ಅಂದ್ರೆ ಗೆರೆ ಬ್ಯಾಡ ಅಂತ ನಾವು ಬರೀಬೇಕು. ಒಂದೊಂದು ಮನೆಗೂ."

"ಬರಿ ಮತ್ತೆ."

"ಬರಿಯಾಕಿಲ್ಲ. ಒಂಬತ್ತನೇದು ನಮ್ಮನೆ."

ಶಿವಲಿಂಗಯ್ಯ ಮೊದಲ ಸಲ ಪರದೆ ಬಿಟ್ಟು ಅವಳ ಮುಖ ನೋಡಿದರು. "ಯಾರ ಮಗಳವ್ವ?"

"ತೋಟಿ ಕರಿಯಯ್ಯನ ಮಗಳು."

ಆ ಊರಲ್ಲಿ ಯಾವ ಹೊಲದ ಬಾಂದುಕಲ್ಲು ಎಲ್ಲಿ ಹೂತುಹೋಗಿದೆ ಎಂಬುದು ಕರಿಯಯ್ಯನಿಗೆ ಬಿಟ್ಟರೆ ಇನ್ನೊಬ್ಬರಿಗೆ ಗೊತ್ತಿರಲಿಲ್ಲ. ಗಡಿ ಜಗಳ ಎಷ್ಟೇ ದೊಡ್ಡದಾದರೂ ಅವನು ಬಂದು ಗುದ್ದಲಿ ಹಾಕಿದ ಮೇಲೆ ಯಾರೂ ಬಾಯಿ ತೆಗೆಯುತ್ತಿರಲಿಲ್ಲ. ಹೋದ ವರ್ಷ ಶಿವಲಿಂಗಯ್ಯನವರ ಅಣ್ಣ ಕಲ್ಲೇ ಇಲ್ಲ ಎಂದು ಇವರ ಅರ್ಧ ಗದ್ದೆ ಒತ್ತಿಕೊಂಡಾಗಲೂ ಕಲ್ಲನ್ನು ಅಗೆದು ತೆಗೆದವನು ಅವನೇ.

"ನಿಮ್ಮಪ್ಪ ಇಂಗೆ ಎದುರು ಮಾತಾಡೋನಲ್ಲ ಕಣವ್ವ. ಒಳ್ಳೆ ಮನ್ಸ."

"ನಿಮ್ಮ ಕಲ್ಲು ಮಣ್ಣಲ್ಲಿ ಹೂತಿದ್ದಾಗ, ಕಾಣದೆ ಇದ್ರೆ ಇರ್ಲಿ ಬುಡಿ ಅಂತ ನಮ್ಮಪ್ಪ ಅನ್ಲಿಲ್ವಲ್ಲ. ಒಳ್ಳೆ ಮನ್ಸನೇ."

"ಕೆಲಸ ಬೇಕೋ ಬ್ಯಾಡ್ವೋ ನಿಂಗೆ?" ಸಿದ್ದರಾಮುವಿನ ದನಿ ಏರಿತು.

ಯಶೋಧರಾ ಎದ್ದಳು. ಗೆರೆ ತೆಗೆಯಲು ಒತ್ತಬೇಕಾದ ಮಾತನ್ನು ಚೀಟಿಯ ಮೇಲೆ ದುಂಡಗೆ ಬರೆದು ಕೀಲಿಮಣೆಯ ಪಕ್ಕ ಇಟ್ಟಳು. "ಬೇಕು ಸಾರ್. ಇದೊಂದು ನನ್ ಕೈಲಿ ಆಗಕಿಲ್ಲ. ನೀವೇ ಒತ್ಕಳಿ."

ಸಿದ್ದರಾಮು ಕುರ್ಚಿ ಎಳೆದುಕೊಂಡ. ಒಂದು ಮನೆಗೆ ಬರೆದ, ಎರಡನೆಯದಕ್ಕೆ ಬರೆದ. ಮೂರನೆಯದಕ್ಕೆ ಬೇಸರ ಬಂತು. "ಮೂವತ್ತೆರಡು ಸಲ ಯಾರ್ ಒತ್ತಾರು ಗೌಡ್ರೆ? ಮೇಲೆ ಅಚ್ಚೈತಲ್ಲ, ಅದಕ್ಕೇ ಒಂದ್ಸಲ ಹಾಕ್ಬುಟ್ರೆ ಆಯ್ತು." ಊಟದ ಡಬ್ಬಿಯನ್ನು ಚೀಲಕ್ಕೆ ಹಾಕುತ್ತಿದ್ದ ಯಶೋಧರಾ ತಲೆ ಎತ್ತಿ ಪರದೆ ನೋಡಿದಳು; ಚೀಲದ ಬಾಯಿ ಕಟ್ಟಿದಳು.

ಅವನು ಗುಂಡಿ ಒತ್ತಿದ. ಕೇರಿ ಹೋಯಿತು. ಅದರ ಜೊತೆಗೇ ದೊಡ್ಡ ಬೀದಿ ಹೋಯಿತು, ಸ್ಕೂಲು ಹೋಯಿತು, ದೇವಸ್ಥಾನವೂ ಹೋಯಿತು. ಒಗೆದು ಹರವಿದ ಪಂಚೆಯಂತೆ ಪರದೆ ಬರೀ ಬೆಳ್ಳಗಾಯಿತು.

"ನಮ್ಮನೆ ಎಲ್ಲಲಾ ಸಿದ್ರಾಮು?" ಶಿವಲಿಂಗಯ್ಯ ಕೊಡೆಯ ತುದಿಯಿಂದ ಆ ಬಿಳಿಯಲ್ಲಿ ಅತ್ತಿತ್ತ ತಡಕಾಡಿದರು.

ಯಶೋಧರಾ ಚಪ್ಪಲಿ ಮೆಟ್ಟಿಕೊಂಡು ಬಾಗಿಲಲ್ಲಿ ತಿರುಗಿದಳು.

"ಅಲ್ಲೇ ಐತೆ ಗೌಡ್ರೆ, ಎಲ್ಲೋಗ್ತದೆ? ನಮ್ಮಪ್ಪನ್ನ ಕರೆಸಿ. ಅಗೆದು ತೋರಿಸ್ತಾನೆ."