ಹಾಳೆ ತಿರುಗಿಸಿದ ಕೈ

ಫ್ರಾನ್ಸ್ ದೇಶದ ಲಿಯೋನ್ ನಗರದಲ್ಲಿ ಮೇಡಂ ಸೊಲಾಂಜ್ ಅವರ ಪಿಯಾನೋ ಕಛೇರಿ ಕೇಳಬೇಕೆಂದರೆ, ಮುಂದಿನ ಸಾಲಿನ ಟಿಕೆಟ್‌ಗೆ ಕೂಲಿಯವನ ಒಂದು ವಾರದ ಸಂಬಳ ಬೇಕಿತ್ತು.

ಅವರ ಹತ್ತಿರ ಒಂದು ಗಂಟೆ ಪಾಠಕ್ಕೆ ಎರಡು ದಿನದ್ದು...

ಬೇಕರಿಯವನ ಮಗಳು ಮಾರ್ಗೊಗೆ ಮಾತ್ರ ದಿನಕ್ಕೊಂದು ಬ್ರೆಡ್. ಅಷ್ಟೇ ಫೀಸು.

ಹುಡುಗಿ ಚೆನ್ನಾಗಿ ಕಲಿತಳು. ಆದರೆ ಮೊದಲ ಕಛೇರಿಯಲ್ಲಿ, ಪುಸ್ತಕವಿಲ್ಲದೆ ನುಡಿಸುತ್ತಾ ಒಂಬತ್ತನೇ ಪುಟದ ಭಾಗಕ್ಕೆ ಬಂದಾಗ ಎಲ್ಲ ಮರೆತುಹೋಯಿತು... ಎದ್ದು ಹೊರಗೆ ಓಡಿದಳು. ಹಿಂದೆ ಯಾರೋ ನಕ್ಕರು.

ಒಂದು ವರ್ಷ ಸ್ಟೇಜ್ ಕಡೆ ತಲೆ ಹಾಕಲಿಲ್ಲ.

ಆಮೇಲೆ ಸಂಗೀತ ಶಾಲೆಯಲ್ಲಿ ಟೀಚರ್ ಕೆಲಸ ಖಾಲಿಯಾಯಿತು. ಜನರೆದುರು ಒಂದು ಸಲ ನುಡಿಸಿ ತೋರಿಸಬೇಕು. ಸ್ವರದ ಪುಸ್ತಕ ಇಟ್ಟುಕೊಳ್ಳಬಹುದು, ಹಾಳೆ ತಿರುಗಿಸಲು ಪಕ್ಕದಲ್ಲಿ ಒಬ್ಬರು ಕೂರಬಹುದು.

"ನಾನು ಕೂತ್ಕೋತೀನಿ," ಎಂದರು ಮೇಡಂ.

ಶಾಲೆಯ ಮ್ಯಾನೇಜರ್ ಗಾಬರಿಯಾದ. "ಅಯ್ಯೋ, ನಿಮ್ಮಂಥೋರು ಹಾಳೆ ತಿರುಗಿಸೋದಾ ಮೇಡಂ?"

"ಯಾಕಪ್ಪಾ, ನಂಗೂ ಕೈ ಇದೆಯಲ್ಲ!"

ಕಪ್ಪು ಬಟ್ಟೆ ತೊಟ್ಟು, ಮಾರ್ಗೊಳ ತೋಳು ಹಿಡಿದು ಸ್ಟೇಜಿಗೆ ಬಂದು, ಸ್ವಲ್ಪ ಹಿಂದೆ ಸರಿದು ಕೂತರು. ಹಾಳೆ ತಿರುಗಿಸುವವರು ಚಪ್ಪಾಳೆಗೆ ನಮಸ್ಕರಿಸುವಂತಿಲ್ಲ. ಅದು ಅಲ್ಲಿನ ರೂಢಿ.

ಮತ್ತೆ ಅದೇ ಒಂಬತ್ತನೇ ಪುಟ ಬಂತು... ಮಾರ್ಗೊ ಹೆದರಿ ಪಕ್ಕಕ್ಕೆ ನೋಡಿದಳು.

ಮೇಡಂ ಆಗಲೇ ಎದ್ದು ಹಾಳೆಯ ತುದಿ ಹಿಡಿದು ನಿಂತಿದ್ದರು. ಮುಖ ಶಾಂತವಾಗಿತ್ತು. ಇನ್ನೇನು ಬರುತ್ತೆ ಎಂದು ಕಾಯುವವರ ಹಾಗೆ.

ಸ್ವರ ಬಂತು. ಹಾಳೆ ತಿರುಗಿತು. ಕೊನೆಯವರೆಗೂ ಎಲ್ಲೂ ತಪ್ಪಲಿಲ್ಲ.

ಸಭೆಯೇ ಎದ್ದು ನಿಂತಿತು.

ವಾಪಸ್ ಬರುವಾಗ ಮೇಡಂ ಮೆಟ್ಟಿಲಲ್ಲಿ ಎಡವಿದರು. ಮಾರ್ಗೊ ಓಡಿ ಬಂದು ಹಿಡಿದಳು.

"ಮೆಟ್ಟಿಲು ಕಾಣ್ಲಿಲ್ವಾ ಮೇಡಂ?"

"ಒಂದು ವರ್ಷ ಆಯ್ತು ಕಣೇ... ಬರೀ ನೆರಳು ಕಾಣುತ್ತೆ."

"ಅದಕ್ಕೇನಾ ದಿನಾ ನನ್ ಕೈಲೇ ಕಾಫಿ ಬಗ್ಗಿಸ್ತಿದ್ದಿದ್ದು?"

"ಹೂಂ. ಆದ್ರೆ ಬ್ರೆಡ್ ಸೀದಿದ್ರೆ ವಾಸನೆಯಲ್ಲೇ ಗೊತ್ತಾಗುತ್ತೆ, ನಿಮ್ಮಪ್ಪಂಗೆ ಹೇಳು."

ಮಾರ್ಗೊ ನಗಲಿಲ್ಲ. "ಮತ್ತೆ ಹಾಳೆ ಹೇಗೆ ತಿರುಗಿಸಿದ್ರಿ?"

"ಮೂವತ್ತು ವರ್ಷದಿಂದ ಅದೇ ಪುಸ್ತಕ. ಯಾವ ಪುಟ ಎಲ್ಲಿ ಮುಗಿಯುತ್ತೆ ಅಂತ ಕಿವಿಗೆ ಗೊತ್ತು. ನೀನು ನುಡಿಸಿದ್ದು ಕೇಳ್ಕೊಂಡು ತಿರುಗಿಸಿದೆ. ನೀನು ನಿಂತಿದ್ರೆ ನಾನೂ ನಿಲ್ತಿದ್ದೆ."

"ನಂಗ್ಯಾಕೆ ಮೊದ್ಲೇ ಹೇಳ್ಲಿಲ್ಲ?"

"ಹೇಳಿದ್ರೆ ನೀನು ಸ್ಟೇಜ್ ಹತ್ತುತ್ತಿದ್ಯಾ?"

ಮಾರ್ಗೊ ಅವರ ಕೈ ಹಿಡಿದು ಅತ್ತುಬಿಟ್ಟಳು... ಒಂಬತ್ತನೇ ಪುಟದ ನಂತರ ತಾನೂ ಪುಸ್ತಕ ನೋಡಿರಲಿಲ್ಲ ಎಂಬುದು ಅವಳಿಗೆ ಆಗ ಹೊಳೆಯಿತು.

ಮರುದಿನ ಪೇಪರ್‌ನಲ್ಲಿ ಮಾರ್ಗೊಳ ಹೆಸರು ದಪ್ಪಕ್ಷರದಲ್ಲಿತ್ತು. ಮೇಡಂ ಬಗ್ಗೆ ಒಂದು ಅಕ್ಷರವೂ ಇರಲಿಲ್ಲ.

ಮಾರ್ಗೊಗೆ ಕೆಲಸ ಸಿಕ್ಕಿತು. ಮೇಡಂ ಸ್ಟೇಜ್ ಹತ್ತಿದ್ದು ಅದೇ ಕೊನೆ... ಆ ಸಲದ ಚಪ್ಪಾಳೆ ಅವರದಾಗಿರಲಿಲ್ಲ.

ನಮ್ಮ ಮೇಲೆ ನಮಗಿಲ್ಲದ ನಂಬಿಕೆ ಇಟ್ಟು ಪಕ್ಕದಲ್ಲಿ ಕೂರುವವರೇ ನಿಜವಾದ ಗುರು.

ನಿಮ್ಮ ಪಕ್ಕದಲ್ಲಿ ಹಾಗೆ ಕೂತವರು ಯಾರು... ಅವರಿಗೆ ನೀವು ಫೋನ್ ಮಾಡಿ ಎಷ್ಟು ದಿನ ಆಯ್ತು?