ಡೀಸೆಲ್ ನಾತದ ರೊಟ್ಟಿ

ಇವತ್ತು ದೋಣಿಗಲ್ಲಿನ ಹತ್ತಿರದ ಬಂಕಿನಲ್ಲಿ ಡೀಸೆಲ್ ಹಾಕಿಸುವಾಗ ಬೆರಳಿಗೆ ನಾಲ್ಕು ಹನಿ ಸಿಡಿದವು. ಎಷ್ಟು ತೊಳೆದರೂ ವಾಸನೆ ಹೋಗಿಲ್ಲ.

ನಾವು ವನಗೂರಿನಲ್ಲಿದ್ದಾಗ ಅಪ್ಪನ ಹಳೆಯ ಲಾರಿ ಚಳಿಗಾಲದ ಬೆಳಿಗ್ಗೆ ಸುಲಭಕ್ಕೆ ಸ್ಟಾರ್ಟ್ ಆದದ್ದೇ ಇಲ್ಲ. ಪೈಪ್ ಸವೆದು, ಬೆಳಗಾಗುವುದರೊಳಗೆ ಡೀಸೆಲ್ ಜೊತೆ ಗಾಳಿ ಸೇರಿಕೊಂಡಿರುತ್ತಿತ್ತು. ‘ಏರ್ ಹಿಡಿದೈತೆ ಕಣೇ’ ಎಂದು ಅಪ್ಪ ಕರೆದರೆ ಅವ್ವ ಒಲೆ ಬಿಟ್ಟು ಹೋಗುತ್ತಿದ್ದಳು. ಅಪ್ಪ ಲಾರಿಯೊಳಗೆ ಕೂತು ಕೀಲಿ ತಿರುಗಿಸಿ ಸೆಲ್ಫ್ ಹೊಡೆಯುತ್ತಿದ್ದ. ಅವ್ವ ಸ್ಪ್ಯಾನರಿನಿಂದ ಎಂಜಿನ್ನಿನ ನಟ್ಟು ಸಡಿಲಿಸಿ, ಗಾಳಿಯ ಗುಳ್ಳೆ ನಿಂತು ಬರೀ ಡೀಸೆಲ್ ಬಂದ ಕೂಡಲೇ ಬಿಗಿಯುತ್ತಿದ್ದಳು. ಲಾರಿ ಕೆಮ್ಮಿ, ಬಿಳಿ ಹೊಗೆ ಉಗುಳಿ ಹೊರಡುತ್ತಿತ್ತು. ಅವ್ವ ಬೂದಿಯಲ್ಲಿ ಕೈ ಉಜ್ಜಿಕೊಂಡು ಮತ್ತೆ ಅಕ್ಕಿರೊಟ್ಟಿ ತಟ್ಟಲು ಕೂರುತ್ತಿದ್ದಳು.

ಒಂದು ದಿನ ನಾನು ತಟ್ಟೆ ತಳ್ಳಿದೆ. ‘ರೊಟ್ಟಿ ಡೀಸೆಲ್ ನಾತ ಹೊಡಿತೈತೆ. ನಂಗ್ ಬ್ಯಾಡ.’

ಅವ್ವ ತನ್ನ ಬಲಗೈ ಮೂಸಿ ನೋಡಿಕೊಂಡಳು. ‘ಇದೊಂದ್ಸಲ ತಿನ್ಕಂಡ್ ಹೋಗವ್ವ. ನಂಗೂ ಸಾಕಾಗೈತೆ’ ಎಂದಳು. ನಾನು ತಿನ್ನದೆ ಶಾಲೆಗೆ ಹೋದೆ.

ಮರುದಿನ ಸೆಲ್ಫ್ ಸದ್ದು ಬಹಳ ಹೊತ್ತು ಕೇಳಿತು. ‘ಯಾಕೆ ಇಷ್ಟೊತ್ತು ಮಾರಾಯ್ತಿ, ಬ್ಯಾಟ್ರಿ ಇಳ್ದೋಯ್ತದೆ’ ಎಂದು ಅಪ್ಪ ಗೊಣಗುತ್ತಿದ್ದ. ನಾನು ಹೊರಗೆ ಹೋಗಿ ನೋಡಿದೆ. ಅವ್ವ ಬಲಗೈಯನ್ನು ಸೆರಗಿನಲ್ಲಿ ಸುತ್ತಿ ಬೆನ್ನ ಹಿಂದೆ ಇಟ್ಟುಕೊಂಡು, ಎಡಗೈಯಲ್ಲಿ ಸ್ಪ್ಯಾನರ್ ತಿರುಗಿಸುತ್ತಿದ್ದಳು. ಅದು ಮತ್ತೆ ಮತ್ತೆ ಜಾರಿ ಬೆರಳಿನ ಗೆಣ್ಣು ಸುಲಿದಿತ್ತು.

‘ತಡ್ಕಳಿ’ ಎಂದಳು ಅಪ್ಪನಿಗೆ. ‘ರೊಟ್ಟಿಗೆ ಈ ಕೈ ಬೇಕು.’